ನಾಲ್ಕು ಪೊಟ್ಟಣ ಹಿಟ್ಟು ಹೊರುವ ಚೀಲ

ಊರಿಂದ ಯಾರೇ ನೈರೋಬಿಗೆ ಹೊರಟರೂ ನಾನು ಮೊದಲು ಹೇಳುವುದು ಒಂದೇ: ಅಂಗಡಿಯ ಪ್ಲಾಸ್ಟಿಕ್ ಕವರ್ ತರಬೇಡಿ. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಅದಕ್ಕೆ ನಿಷೇಧ ಇದೆ. ದಂಡ 40 ಲಕ್ಷ ಶಿಲ್ಲಿಂಗ್‌ವರೆಗೆ, ಜೈಲಾದರೆ 4 ವರ್ಷದವರೆಗೆ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು, ಆದರೂ ಸೊಪ್ಪಿನ ಗಾಡಿಯಲ್ಲಿ ಕವರ್ ಸಿಗುತ್ತದೆ ಅಲ್ವಾ? ಇಲ್ಲಿ ನಮ್ಮ ಬೀದಿಯ ತರಕಾರಿಯವಳು ಕೇಳಿದರೂ ಕೊಡುವುದಿಲ್ಲ.

ಹಾಗಾಗಿ ಬಟ್ಟೆ ಚೀಲಕ್ಕೆ ಬೇಡಿಕೆ ಬಂತು. ಚೀಲ ಹೊಲಿಯುವವರಿಗೆ ಕೆಲಸವೂ ಬಂತು. ನಾನು ಚೀಲ ತರುವುದು ನೈರೋಬಿಯ ಕೊಳೆಗೇರಿ ಕಿಬೇರಾದ ಒಂದು ತಗಡಿನ ಮನೆಯಿಂದ. ಅಲ್ಲಿ ಐದಾರು ಹೆಂಗಸರು ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾರೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಹೆಚ್ಚಿನವರು ಮೊದಲು 'ಮಾಮಾ ಫುವಾ' ಆಗಿದ್ದವರು, ಅಂದರೆ ಮನೆಮನೆಗೆ ಹೋಗಿ ಬಟ್ಟೆ ಒಗೆಯುವವರು. ಬೆಳಿಗ್ಗೆ ರಸ್ತೆ ಬದಿಯಲ್ಲಿ ಕಾದು ಕೂತು, ಯಾರಾದರೂ ಕರೆದರೆ ಆ ದಿನದ ಊಟ. ಕರೆಯದಿದ್ದರೆ ಬರಿಗೈಯಲ್ಲಿ ವಾಪಸ್. ಈಗ ವಾರಕ್ಕೊಮ್ಮೆ ದುಡ್ಡು ಕೈಗೆ ಬರುತ್ತದೆ. ಅದರಲ್ಲಿ ಸ್ವಲ್ಪ 'ಚಾಮಾ'ಗೆ ಹೋಗುತ್ತದೆ. ನಮ್ಮ ಚೀಟಿ ಇದ್ದಂಗೆ: ಎಲ್ಲರೂ ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಎತ್ತುತ್ತಾರೆ. ಒಬ್ಬಾಕೆ ತನ್ನ ಸರದಿ ಬಂದಾಗ ಮಗಳ ಸ್ಕೂಲ್ ಫೀಸ್ ಕಟ್ಟಿ, ರಸೀದಿಯನ್ನು ಮಿಷನ್ ಮೇಲಿನ ಗೋಡೆಗೆ ಅಂಟಿಸಿದ್ದಾಳೆ.

ಚೀಲದ ಜೀವ ಇರುವುದು ಹಿಡಿಯಲ್ಲಿ. ಇದನ್ನು ನನಗೆ ಕಲಿಸಿದವಳೂ ಆಕೆಯೇ. ಹಿಡಿ ಸೇರುವ ಕಡೆ ಒಂದು ಚೌಕ ಹೊಲಿದು, ಅದರೊಳಗೆ ಅಡ್ಡಡ್ಡ ಎರಡು ಗೆರೆ ಹಾಕುತ್ತಾಳೆ. ಆಮೇಲೆ ಉಗಾಲಿ (ಇಲ್ಲಿಯವರ ಮುದ್ದೆ) ಮಾಡುವ ಮೆಕ್ಕೆಜೋಳದ ಹಿಟ್ಟಿನ 2 ಕಿಲೋ ಪೊಟ್ಟಣ ನಾಲ್ಕು ತುಂಬಿ, ಬಾಗಿಲ ಮೊಳೆಗೆ ನೇತುಹಾಕುತ್ತಾಳೆ. ಎಳೆ ಬಿಟ್ಟರೆ ಬಿಚ್ಚಿ ಮತ್ತೆ ಹೊಲಿಗೆ.

ಬೇಸರ ಆಗುವುದು ಚೌಕಾಸಿ ನೋಡಿದಾಗ. ಮಾರುಕಟ್ಟೆಯಲ್ಲಿ ಬಟ್ಟೆಯಂತೆ ಕಾಣುವ ಅಗ್ಗದ ಚೀಲ ಬರುತ್ತದೆ, ಅದೂ ಪ್ಲಾಸ್ಟಿಕ್ ನೂಲೇ. ಅದರ ರೇಟು ತೋರಿಸಿ ಇವರ ಚೀಲದ ಬೆಲೆ ಇಳಿಸಿ ಅನ್ನುತ್ತಾರೆ, ನಮ್ಮವರೂ ಕೂಡ. ಒಂದು ಚೀಲಕ್ಕೆ ಎಷ್ಟು ಹೊತ್ತು ಮಿಷನ್ ತುಳಿಯಬೇಕು ಅಂತ ಕಣ್ಣಾರೆ ನೋಡಿದ ಮೇಲೆ ನನಗೆ ಬಾಯಿ ಬರುವುದಿಲ್ಲ. ಹೇಳಿದಷ್ಟು ಕೊಟ್ಟು ಬರುತ್ತೇನೆ.

ಹೋದ ಯುಗಾದಿಗೆ ತಾಂಬೂಲದ ಚೀಲ ಬೇಕಿತ್ತು. ಅಮ್ಮನ ಎರಡು ಹಳೇ ಇಳಕಲ್ ಸೀರೆ ತೆಗೆದುಕೊಂಡು ಹೋದೆ. ಅಂಚನ್ನೇ ಹಿಡಿ ಮಾಡೋಣ, ಚೆಂದ ಕಾಣುತ್ತದೆ ಅಂದೆ. ಆಕೆ ಅಂಚನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ ತಲೆ ಅಲ್ಲಾಡಿಸಿದಳು. ಗಿಕೊಂಬಾ ಸಂತೆಯಲ್ಲಿ ಕೊಂಡ ಹಳೇ ಜೀನ್ಸ್ ಕತ್ತರಿಸಿ ಹಿಡಿ ಮಾಡಿದಳು. ಅಂಚನ್ನು ಚೀಲದ ಬಾಯಿಗೆ ಸುತ್ತ ಕೂರಿಸಿದಳು. ಆಮೇಲೆ ಒಂದೊಂದನ್ನೂ ಮೊಳೆಗೆ ನೇತುಹಾಕಿಯೇ ನನ್ನ ಕೈಗೆ ಕೊಟ್ಟಳು.