ಕೋಳಿಗೂಡಿಗೆ ಬೀಗಕ್ಕಿಂತ ಮೊದಲು ಸಂದು ನೋಡಿ

ಗೋವಾದ ಪೋಂಡಾದಲ್ಲಿ ನನ್ನದು ಫ್ಯಾಬ್ರಿಕೇಶನ್ ಕೆಲಸ. ಗೇಟು, ಗ್ರಿಲ್ಲಿನ ಜೊತೆ ಹಿತ್ತಲಿಗೆ ಕೋಳಿಗೂಡೂ ಮಾಡಿಕೊಡುತ್ತೇನೆ. ಗಿರಾಕಿಗಳು ಮೊದಲು ಕೇಳುವುದು ಎಂಥ ಬೀಗ ಹಾಕ್ತೀರಿ ಅಂತ. ನಾನು ಮೊದಲು ನೋಡುವುದು ನೆಲ ಮತ್ತು ಸೂರು. ಇಲ್ಲಿ ಕೋಳಿಗೆ ಬರುವುದು ಮುಂಗುಸಿ, ಪುನುಗಿನ ಬೆಕ್ಕು, ಬೀದಿನಾಯಿ, ಹೆಬ್ಬಾವು. ನಾಯಿ ಬಿಟ್ಟರೆ ಉಳಿದವಕ್ಕೆ ಒಂದು ಸಂದು ಸಾಕು.

ಜಾಸ್ತಿ ಚೌಕಾಸಿ ನಡೆಯುವುದು ಜಾಲರಿ ಮೇಲೆ. ‘ಅಣ್ಣಾ, ಆರು ಮೂಲೆ ಕಣ್ಣಿನ ಜಾಲರಿ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನೇ ಹಾಕಿ’ ಅಂತಾರೆ. ಅಕ್ಕಾ, ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ಕಣ್ಣು ದೊಡ್ಡದಿದ್ದರೆ ಪುನುಗಿನ ಬೆಕ್ಕು ಹೊರಗಿನಿಂದಲೇ ಕೈ ಹಾಕಿ, ಜಾಲರಿಗೆ ಒರಗಿ ಮಲಗಿದ ಕೋಳಿಯ ಕಾಲು ಹಿಡಿಯುತ್ತದೆ. ಹಾಗಾಗಿ ಕೋಳಿ ಕೂರುವ ಕೋಲನ್ನು ಜಾಲರಿಯಿಂದ ಒಂದಡಿ ಒಳಗೇ ಕಟ್ಟುತ್ತೇನೆ. ಜಾಲರಿ ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ಶೇ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಬೆಸೆದು ಮಾಡಿದ್ದೇ, ಆಗಬೇಕು, 19 ಗೇಜಿಗಿಂತ ತೆಳು ಬೇಡ. ಗೇಜ್ ಅಂದರೆ ತಂತಿಯ ದಪ್ಪ ಹೇಳುವ ನಂಬರ್; ನಂಬರ್ ಹೆಚ್ಚಾದಷ್ಟು ತಂತಿ ತೆಳು, ಅಂಗಡಿಯಲ್ಲಿ ಇಲ್ಲೇ ಜನ ಏಮಾರುವುದು.

ಇನ್ನು ನೆಲ. ಮುಂಗುಸಿ, ಹೆಗ್ಗಣ, ನಾಯಿ ಮೂರೂ ತೋಡುತ್ತವೆ. ನಮ್ಮಲ್ಲಿ ಜಂಬಿಟ್ಟಿಗೆ ನೆಲ, ಜಾಲರಿ ಹೂಳಲು ಅಗೆಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಅದರ ಬದಲು ಗೂಡಿನ ಬುಡದಿಂದ ಹೊರಗಡೆಗೆ ಒಂದೂವರೆ ಅಡಿ ಜಾಲರಿಯನ್ನು ನೆಲದ ಮೇಲೇ ಹಾಸಿ, ಗೂಡಿಗೆ ಬಿಗಿದು, ಮೇಲೆ ಕಲ್ಲು ಹೇರುತ್ತೇನೆ. ಪ್ರಾಣಿ ತೋಡಲು ಶುರುಮಾಡುವುದು ಗೋಡೆಯ ಬುಡದಲ್ಲೇ. ಅಲ್ಲಿ ತಂತಿ ಸಿಕ್ಕರೆ ಹಿಂದೆ ಸರಿದು ದೂರದಿಂದ ಸುರಂಗ ತೋಡುವ ತಾಳ್ಮೆ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ರಾತ್ರಿ ಕಾಳು ಒಳಗೇ ಬಿಡಬೇಡಿ, ಇಲಿ ಹೆಗ್ಗಣ ಬಂದರೆ ಅವುಗಳ ಹಿಂದೆ ಹಾವೂ ಬರುತ್ತದೆ.

ನಮ್ಮ ಕಸುಬಿನವರು ಬಿಟ್ಟುಬಿಡುವ ಒಂದು ಮಾತಿದೆ. ವೆಲ್ಡ್ ಮಾಡಿದ ಕಡೆ ಜಿಐ ಮೇಲಿನ ಸತು ಸುಟ್ಟುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಈ ಮಳೆಯಲ್ಲಿ ತುಕ್ಕು ಹತ್ತುವುದು ಮೊದಲು ಅಲ್ಲೇ. ಆಮೇಲೆ ಮೂಲೆ ಬಿಟ್ಟುಕೊಳ್ಳುತ್ತದೆ. ಬ್ರಶ್‌ನಿಂದ ಉಜ್ಜಿ ಸತುವಿನ ಪೇಂಟ್ ಹಚ್ಚಿಯೇ ಗೂಡು ಕೊಡಬೇಕು. ಜಾಲರಿ ಕತ್ತರಿಸಿದ ತಂತಿ ಚೂರುಗಳನ್ನೂ ಹಿತ್ತಲಲ್ಲಿ ಬಿಟ್ಟು ಬರಬಾರದು, ಮ್ಯಾಗ್ನೆಟ್ ಓಡಿಸಿ ಎತ್ತಿಕೊಳ್ಳಿ. ಹೊಳೆಯುವುದನ್ನು ಕೋಳಿ ಕುಕ್ಕುತ್ತದೆ, ನುಂಗಿದರೆ ಸತು ವಿಷವಾಗಿ ಸಾಯಲೂಬಹುದು.

ಬಾಗಿಲಿಗೆ ಚಿಲಕದ ಜೊತೆ ಒಂದು ಕೊಕ್ಕೆ ಇದ್ದರೆ ಆಯಿತು. ಹೆಂಚಿನ ಮಾಡಾದರೆ ಕೆಳಗೊಂದು ಜಾಲರಿ ಹೊದಿಸಲೇಬೇಕು. ಪುನುಗಿನ ಬೆಕ್ಕು ಮರದಿಂದ ಇಳಿದು ಹೆಂಚು ಸರಿಸುತ್ತದೆ. ಸೂರಿನ ಕೆಳಗೆ ಗಾಳಿ ಆಡಲು ಜಾಗ ಬಿಡಿ, ಆದರೆ ಜಾಲರಿ ಹೊಡೆದು. ನೈಲಾನ್ ಬಲೆ ಮಾತ್ರ ಬೇಡ, ಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತದೆ.

ಹೆಬ್ಬಾವು ಒಳಗೆ ಸಿಕ್ಕಿದರೆ ಹೊಡೆಯಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಕೋಳಿ ನುಂಗಿದ ಮೇಲೆ ಹೊಟ್ಟೆ ಉಬ್ಬಿ, ಬಂದ ಸಂದಿನಲ್ಲಿ ವಾಪಸ್ ಹೋಗಲಾಗದೆ ಬಿದ್ದಿರುತ್ತದೆ ಪಾಪ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಒಯ್ದ ಮೇಲೆ ಅವತ್ತೇ ಹಗಲಲ್ಲಿ ಗೂಡಿನೊಳಗೆ ತಲೆ ಹಾಕಿ ನೋಡಿ, ಎಲ್ಲಿಂದ ಬೆಳಕು ಬರುತ್ತದೋ ಅಲ್ಲೆಲ್ಲ ಬೆರಳು ಹಾಕಿ ಪರೀಕ್ಷಿಸಿ, ಬೆರಳು ಹೊರಗೆ ಹೋಗುವ ಸಂದನ್ನೆಲ್ಲ ಕತ್ತಲಾಗುವ ಮೊದಲು ಮುಚ್ಚಿಸಿ.