ದೋಷಿ ಎಂದ ಮೇಲೆ ಉಳಿಯುವ ಪ್ರಶ್ನೆ: ಶಿಕ್ಷೆಯ ಪ್ರಮಾಣದ ಬಗ್ಗೆ ಕೆಲಸ ಕಲಿಸಿದ್ದು

ಸೆಷನ್ಸ್ ನ್ಯಾಯಾಲಯಗಳಲ್ಲಿ ಆರೋಪಿಗಳ ಪರ ವಕಾಲತ್ತು ವಹಿಸುವ ನನ್ನಂಥವರ ಶ್ರಮದ ಬಹುಪಾಲು ಸಾಕ್ಷಿಗಳ ಪಾಟೀಸವಾಲಿಗೇ ಹೋಗುತ್ತದೆ. ಆರೋಪ ಸಾಬೀತಾಯಿತೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಸುತ್ತ ವರ್ಷಗಟ್ಟಲೆ ನಡೆಯುವ ವಿಚಾರಣೆ, ಆರೋಪಿ ದೋಷಿ ಎಂದು ನ್ಯಾಯಾಧೀಶರು ಹೇಳಿದ ಕ್ಷಣಕ್ಕೆ ಬೇರೊಂದು ಪ್ರಶ್ನೆಗೆ ತಿರುಗಿಕೊಳ್ಳುತ್ತದೆ: ಈತನಿಗೆ ಎಷ್ಟು ಶಿಕ್ಷೆ, ಯಾಕೆ? ಅದಕ್ಕೆ ಉತ್ತರಿಸಬಲ್ಲ ಸಾಮಗ್ರಿ ಬಹುಮಟ್ಟಿಗೆ ಯಾರ ಕಡತದಲ್ಲೂ ಇರುವುದಿಲ್ಲ.

ಕಾನೂನು ಈ ಹಂತವನ್ನು ಹಗುರವಾಗಿ ಕಂಡಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲದಿದ್ದ, ಶಿಕ್ಷೆಯ ಬಗೆಗಿನ ಪ್ರತ್ಯೇಕ ವಿಚಾರಣೆಯನ್ನು 1973ರ ಸಂಹಿತೆ ತನ್ನ 235(2)ನೇ ಕಲಂ ಮೂಲಕ ತಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 258(2)ನೇ ಕಲಂನಲ್ಲಿದೆ. 1976ರ ಸಂತಾ ಸಿಂಗ್ ಪ್ರಕರಣದಲ್ಲಿ, ಶಿಕ್ಷೆಯ ಬಗ್ಗೆ ಆರೋಪಿಯ ಅಹವಾಲು ಕೇಳಿರಲಿಲ್ಲ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ರದ್ದುಪಡಿಸಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು; ಕೇಳುವುದೆಂದರೆ ಬಾಯಿಮಾತು ಆಲಿಸುವುದಷ್ಟೇ ಅಲ್ಲ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನೂ ದಾಖಲೆಗಳನ್ನೂ ಮುಂದಿಡಲು ಅವಕಾಶ ಕೊಡುವುದು ಎಂದೂ ಸ್ಪಷ್ಟಪಡಿಸಿತು.

ವಾಸ್ತವದಲ್ಲಿ ನಡೆಯುವುದು ಹೀಗೆ. ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳುತ್ತಾರೆ. ಕಟಕಟೆಯಲ್ಲಿರುವವನು, ದೋಷಿ ಎಂಬ ಮಾತು ಇನ್ನೂ ತಲೆಗೆ ಇಳಿಯದ ಸ್ಥಿತಿಯಲ್ಲೇ, ಕೈಮುಗಿದು "ಸ್ವಾಮಿ, ಮನೆಗೆ ನಾನೊಬ್ಬನೇ ದಿಕ್ಕು" ಎನ್ನುತ್ತಾನೆ. ವಕೀಲರು ಕನಿಷ್ಠ ಶಿಕ್ಷೆ ಕೋರುತ್ತಾರೆ. ಸರ್ಕಾರಿ ಅಭಿಯೋಜಕರು ಸಮಾಜಕ್ಕೆ ಪಾಠವಾಗುವಂತೆ ಗರಿಷ್ಠ ಶಿಕ್ಷೆ ಕೋರುತ್ತಾರೆ. ಈ ಮೂರೂ ಮಾತುಗಳನ್ನು ಯಾವ ಪ್ರಕರಣಕ್ಕೆ ಬೇಕಾದರೂ ಹೊಂದಿಸಬಹುದಾದ್ದರಿಂದ, ಎದುರಿಗಿರುವ ಪ್ರಕರಣದ ಬಗ್ಗೆ ಅವು ಏನನ್ನೂ ತಿಳಿಸುವುದಿಲ್ಲ.

ನಾನು ನಡೆಸಿದ ಒಂದು ಹೊಡೆದಾಟದ ಪ್ರಕರಣವನ್ನೇ ನೋಡಿ. ನೆರೆಹೊರೆಯವರ ಜಗಳದಲ್ಲಿ ಒಬ್ಬರ ಮುಂಗೈ ಮೂಳೆ ಮುರಿದಿತ್ತು. ಆರೋಪ ಹಳೆಯ ದಂಡ ಸಂಹಿತೆಯ 325ನೇ ಕಲಂ ಅಡಿಯದು. ಅದರಡಿ ಏಳು ವರ್ಷಗಳವರೆಗೆ ಸಜೆ ವಿಧಿಸಬಹುದು, ಕನಿಷ್ಠ ಇಂತಿಷ್ಟೇ ಎಂಬ ಮಿತಿಯಿಲ್ಲ. ಘಟನೆ ನಡೆದಾಗ ನನ್ನ ಕಕ್ಷಿದಾರನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೇ ಕಲಂ ಪ್ರಕಾರ, ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ ಇಪ್ಪತ್ತೊಂದಕ್ಕಿಂತ ಕಿರಿಯರನ್ನು, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳದೆ ಮತ್ತು ಕಾರಣ ದಾಖಲಿಸದೆ, ಜೈಲಿಗೆ ಕಳುಹಿಸುವಂತಿಲ್ಲ. ಆದರೆ ಈ ವಯಸ್ಸನ್ನು ಲೆಕ್ಕ ಹಾಕುವುದು ಅಪರಾಧ ನಡೆದ ದಿನಕ್ಕಲ್ಲ, ವಿಚಾರಣಾ ನ್ಯಾಯಾಲಯ ಆತನನ್ನು ದೋಷಿ ಎಂದು ತೀರ್ಮಾನಿಸುವ ದಿನಕ್ಕೆ. ಮುಂದೂಡಿಕೆಗಳ ನಡುವೆ ಆತ ಆ ವಯಸ್ಸು ದಾಟಿದ್ದ. ಯಾರೂ ವಾದಿಸದೆ, ಯಾರೂ ಆದೇಶಿಸದೆ, ಕ್ಯಾಲೆಂಡರೇ ಆತನ ರಕ್ಷಣೆಯನ್ನು ತೆಗೆದುಹಾಕಿತ್ತು.

ವಯಸ್ಸಿನ ಮಿತಿಯಿಲ್ಲದ 4ನೇ ಕಲಂ ಉಳಿದಿತ್ತು. ಅದರಡಿ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಅದನ್ನು ಕೋರಲು ಕನಿಕರದ ಮಾತು ಸಾಲದು. ಜಾಮೀನಿನ ಅವಧಿಯಲ್ಲಿ ಒಂದು ಷರತ್ತನ್ನೂ ಮೀರಿಲ್ಲ, ಬೇರೆ ಪ್ರಕರಣಗಳಿಲ್ಲ, ಡಿಪ್ಲೊಮಾ ಮುಗಿಸಿದ್ದಾನೆ, ಉದ್ಯೋಗದಾತರ ಪತ್ರವಿದೆ ಎಂಬುದಕ್ಕೆಲ್ಲ ಕಾಗದಗಳು ಬೇಕಿದ್ದವು. ಅವು ಸಿದ್ಧವಿದ್ದುದರಿಂದ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು, ಕೋರಿಕೆಯನ್ನು ಒಪ್ಪಿದರು.

ಇಲ್ಲೊಂದು ಇಕ್ಕಟ್ಟಿದೆ. ಇಂಥ ದಾಖಲೆಗಳನ್ನು ತೀರ್ಪಿಗೆ ಮೊದಲೇ ಸಲ್ಲಿಸಿದರೆ ತಪ್ಪೊಪ್ಪಿಕೊಂಡಂತೆ ಕಾಣುತ್ತದೆ. ತೀರ್ಪಿನ ಮೇಲೆ ಹುಡುಕಲು ಹೊರಟರೆ ಸಮಯ ಸಿಗುವುದಿಲ್ಲ. ಅದಕ್ಕೇ ನಾನು ಮೊದಲ ಭೇಟಿಯಿಂದಲೇ ಶಿಕ್ಷೆಗೆಂದು ಪ್ರತ್ಯೇಕ ಕಡತ ತೆರೆಯುತ್ತೇನೆ. ಖುಲಾಸೆಯ ಭರವಸೆಯಲ್ಲಿರುವ ಕಕ್ಷಿದಾರರಿಗೆ ಇದು ಅಪಶಕುನದಂತೆ ತೋರುತ್ತದೆ. ವಿವರಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಎದುರು ಪಕ್ಷದಲ್ಲೂ ಇದೇ ಕೊರತೆಯಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗಾಯಾಳುವಿನ ಗಾಯದ ಪ್ರಮಾಣಪತ್ರ ಕಡತದಲ್ಲಿರುತ್ತದೆ. ಆತ ಕಳೆದುಕೊಂಡ ಕೂಲಿ, ಚಿಕಿತ್ಸೆಗೆ ಮಾಡಿದ ಸಾಲ, ಕೈ ಮತ್ತೆ ಮೊದಲಿನಂತೆ ಆಯಿತೇ ಎಂಬುದು ಇರುವುದಿಲ್ಲ. ಪರಿಹಾರ ಕೊಡಿಸುವ ವಿಚಾರಕ್ಕೆ ಪ್ರತಿ ಪ್ರಕರಣದಲ್ಲೂ ನ್ಯಾಯಾಲಯ ಗಮನ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದ್ದರೂ, ಅಂಕಿಗಳಿಲ್ಲದೆ ಕೊಡಿಸುವ ಮೊತ್ತ ಅಂದಾಜಿನದ್ದಾಗಿಯೇ ಉಳಿಯುತ್ತದೆ.

ಶಿಕ್ಷೆಯ ಉದ್ದೇಶಗಳನ್ನು ಕಾನೂನು ಕಾಲೇಜಿನಲ್ಲಿ ಎಲ್ಲರೂ ಓದಿರುತ್ತೇವೆ: ತಕ್ಕ ಶಾಸ್ತಿ, ಭಯದಿಂದ ತಡೆಯುವುದು, ಸಮಾಜದಿಂದ ದೂರವಿಡುವುದು, ಸುಧಾರಣೆ. ತೀರ್ಪುಗಳು ಈ ನಾಲ್ಕನ್ನೂ ಒಂದೇ ಪರಿಚ್ಛೇದದಲ್ಲಿ ಉಲ್ಲೇಖಿಸಿ, ಈ ಪ್ರಕರಣದಲ್ಲಿ ಯಾವುದು ಮುಖ್ಯ ಎಂಬುದನ್ನು ಹೇಳದೆಯೇ ಅಂಕಿಗೆ ಬಂದುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಡೆಯೇ ಉದ್ದೇಶವಾಗಿದ್ದರೆ ವಿಳಂಬವೇ ಅದರ ಮೊದಲ ಶತ್ರು. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆ ಮತ್ತು ಶೀಘ್ರತೆಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ಘಟನೆಯನ್ನು ಊರೇ ಮರೆತ ಮೇಲೆ ಬರುವ ಗರಿಷ್ಠ ಶಿಕ್ಷೆ ಯಾರಿಗೆ ಪಾಠವಾಗುತ್ತದೆ ಎಂಬ ಪ್ರಶ್ನೆಗೆ ಯಾವ ಅಭಿಯೋಜಕರಿಂದಲೂ ನನಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಒಂದೇ ಬಗೆಯ ಅಪರಾಧಕ್ಕೆ ಪಕ್ಕಪಕ್ಕದ ನ್ಯಾಯಾಲಯಗಳು ಬೇರೆ ಬೇರೆ ಶಿಕ್ಷೆ ಕೊಡುವುದನ್ನು ತಪ್ಪಿಸಲು ಮಾರ್ಗಸೂಚಿ ಬೇಕು ಎಂಬ ಬೇಡಿಕೆ ಹೊಸದಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ ಶಿಕ್ಷಾ ಮಂಡಳಿಯೊಂದು ಅಪರಾಧದ ತೀವ್ರತೆಗೆ ತಕ್ಕಂತೆ ಆರಂಭಬಿಂದು ಮತ್ತು ವ್ಯಾಪ್ತಿಯನ್ನು ಸೂಚಿಸುತ್ತಿದೆ. ಅಮೆರಿಕದ ಒಕ್ಕೂಟ ನ್ಯಾಯಾಲಯಗಳಲ್ಲಿ 1987ರಿಂದ ಕಡ್ಡಾಯವಾಗಿದ್ದ ಶಿಕ್ಷೆಯ ಪ್ರಮಾಣದ ಕೋಷ್ಟಕವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಸಲಹಾತ್ಮಕವಾಗಿಸಿತು. ಕೋಷ್ಟಕಕ್ಕಿಂತ, ವ್ಯಾಪ್ತಿಯನ್ನು ಮೀರಿದಾಗ ಕಾರಣ ಬರೆಯುವ ಬದ್ಧತೆಯೇ ನಮಗೆ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಯಂತ್ರ ಕೊಡುವ ಅಂಕದ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅನುಮಾನವಿದೆ: ಅಪರಾಧಿ ಮತ್ತೆ ತಪ್ಪೆಸಗುವ ಅಪಾಯದ ಪ್ರಮಾಣವನ್ನು ಸಾಫ್ಟ್‌ವೇರ್ ಅಳೆದ ವರದಿಯನ್ನು 2016ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಎಚ್ಚರಿಕೆಗಳೊಂದಿಗೆ ಒಪ್ಪಿತಾದರೂ, ಆ ಲೆಕ್ಕ ಹೇಗೆ ಬಂತೆಂಬುದು ವ್ಯಾಪಾರ ರಹಸ್ಯವಾಗಿಯೇ ಉಳಿಯಿತು. ಪಾಟೀಸವಾಲಿಗೆ ಸಿಗದ ಸಾಕ್ಷಿ ಅದು.

ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ತಂದಿರುವ ಸಮುದಾಯ ಸೇವೆ ಸರಿಯಾದ ದಿಕ್ಕಿನ ಹೆಜ್ಜೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ವಸ್ತು ಕದ್ದು, ಮೊದಲ ಬಾರಿಗೆ ದೋಷಿಯಾಗಿ, ಅದನ್ನು ಹಿಂದಿರುಗಿಸಿದವನು ಜೈಲಿನ ಬದಲು ಸಂಬಳವಿಲ್ಲದ ಕೆಲಸ ಮಾಡಿ ಶಿಕ್ಷೆ ಮುಗಿಸಬಹುದು. ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದನ್ನು ಮಾತ್ರ ಸಂಹಿತೆ ಹೇಳುವುದಿಲ್ಲ. ಅದನ್ನು ನಿರ್ಧರಿಸಲೂ ಆತನ ಬದುಕಿನ ವಿವರಗಳೇ ಬೇಕು. ಮರಣದಂಡನೆ ಕೋರುವ ಪ್ರಕರಣಗಳಲ್ಲಿ ಆರೋಪಿಯ ಹಿನ್ನೆಲೆ, ಮನಃಸ್ಥಿತಿ ಮತ್ತು ಜೈಲಿನ ನಡತೆಯ ವರದಿಗಳು ವಿಚಾರಣಾ ಹಂತದಲ್ಲೇ ಬರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ. ದೀರ್ಘ ಸಜೆ ವಿಧಿಸಬಹುದಾದ ಪ್ರತಿಯೊಂದು ಪ್ರಕರಣಕ್ಕೂ ಆ ನಿಯಮವನ್ನು ವಿಸ್ತರಿಸುವುದಾದರೆ ಮೊದಲು ಪರಿವೀಕ್ಷಣಾಧಿಕಾರಿಗಳ ಸಂಖ್ಯೆ ಹೆಚ್ಚಬೇಕು, ಮತ್ತು ತೀರ್ಪಿಗೂ ಶಿಕ್ಷೆಯ ಆದೇಶಕ್ಕೂ ನಡುವೆ ಆ ವರದಿ ಬರುವಷ್ಟು ದಿನಗಳ ಅಂತರ ಕಡ್ಡಾಯವಾಗಬೇಕು.