ಹ್ಞೂಂ, ಮಾಡಿಬಿಡ್ರಿ

ಯುಗಾದಿ ಮುಂಜಾನೆ ಕೊಟ್ಟಿಗೆ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಲು ಹೋದೆ. ಒಳಗೆ ಎತ್ತು ಇರಲಿಲ್ಲ. ನೀರಿಗೆ ಹೊಡಕೊಂಡು ಹೋಗಿರಬೇಕು ಅಂದುಕೊಂಡು ಹೊರಗೆ ಬಂದರೆ, ಅಪ್ಪ ಮೈಗೆ ಎಣ್ಣೆ ಹಚ್ಚಿಕೊಂಡು ಕಟ್ಟೆ ಮೇಲೆ ಬಿಸಿಲಿಗೆ ಕೂತಿದ್ದಾನೆ.

"ಎತ್ತು ಎಲ್ಯಪ್ಪಾ?"

"ಮಾರಿದೆ. ಹೊಲಾನೂ ಲಾವಣಿಗಿ ಕೊಟ್ಟೆ. ಇವತ್ತಿಂದ ಅದು ಅವರ್ದು."

"ನನಗೊಂದು ಮಾತು ಕೇಳಬಾರದಾ?"

"ಕೇಳೀನಲ್ಲೋ ತಮ್ಮಾ. ನೀನ ಹ್ಞೂಂ ಅಂದಿ. ಎಳ್ಳಮಾಸಿ ದಿನ, ಬನ್ನಿಗಿಡದ ಬುಡಕ."

ಸಿಟ್ಟಿಲ್ಲ, ಸೆಡವಿಲ್ಲ. ಹೊಲ ಗುತ್ತಿಗೆಗೆ ಕೊಟ್ಟದ್ದನ್ನು ಪಂಚಾಂಗ ನೋಡಿ ತಿಥಿ ಹೇಳಿದಷ್ಟೇ ಸಲೀಸಾಗಿ ಹೇಳಿದ.

ನಾನು ರಾಯಚೂರಿನಲ್ಲಿ ಜಿಎಸ್‌ಟಿ, ಐಟಿ ಅಂದರೆ ಆದಾಯ ತೆರಿಗೆಯ ಕೆಲಸ ಮಾಡುವವನು. ನನ್ನ ಗಿರಾಕಿಗಳು ಬಹುಪಾಲು ರಾಜೇಂದ್ರ ಗಂಜಿನ ಅಡತಿ ಅಂಗಡಿಯವರು, ಹತ್ತಿ ಜಿನ್ನಿಂಗ್ ಮಿಲ್ಲಿನವರು. ನನ್ನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಅಮಾವಾಸ್ಯೆ ಇಲ್ಲ. 11ನೇ ತಾರೀಖು ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ನೇ ತಾರೀಖು ತೆರಿಗೆ ಕಟ್ಟಿ ಹಾಕುವ 3ಬಿ ರಿಟರ್ನ್, ಅಷ್ಟೇ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ವರ್ಷಕ್ಕೆ ಶೇಕಡ 18ರ ಬಡ್ಡಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಡಿಸೆಂಬರ್ 19ಕ್ಕೆ ಬಂದಿತ್ತು. ಯುಗಾದಿಯೂ ಮಾರ್ಚ್ 19ಕ್ಕೇ ಬಂತು. ಎರಡೂ ಹಬ್ಬ 3ಬಿಯ ಹಿಂದಿನ ದಿನವೇ ಬಂದು ಕೂತಿದ್ದರಲ್ಲಿ ಚಂದ್ರನ ತಪ್ಪೇನೂ ಇಲ್ಲ.

ಎಳ್ಳಮಾಸಿಗೆ ಹೋಗಿದ್ದೆ ಅನ್ನುವುದು ನಿಜ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿದ್ದೆವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ ಪೂಜೆ ಮಾಡಿದ್ದೆವು. ಚರಗ ಚೆಲ್ಲಲು, ಅಂದರೆ ಹೊಲದ ತುಂಬ ನೈವೇದ್ಯ ಎರಚಲು, ಅಪ್ಪ ಮುಂದೆ ಹೊರಟ, ಹಿಂದೆ ನೀರು ಹಾಕುತ್ತ ಹೋಗಬೇಕಾದವನು ನಾನು. ಅಷ್ಟರಲ್ಲಿ ಮಿಲ್ಲಿನವರ ಫೋನು ಬಂತು. ಕೈಯಲ್ಲಿದ್ದ ಚೊಂಬನ್ನು ಮಗಳಿಗೆ ಕೊಟ್ಟು ಬನ್ನಿಗಿಡದ ನೆರಳಿಗೆ ಸರಿದೆ.

ಆ ಮಿಲ್ಲಿನವರು ಒಳ್ಳೆಯವರೇ. ಫೋನು ಎತ್ತಿದ ಕೂಡಲೇ "ಊಟ ಆತೇನ್ರಿ?" ಅನ್ನುತ್ತಾರೆ. ಉತ್ತರಕ್ಕೆ ಮಾತ್ರ ಕಾಯುವುದಿಲ್ಲ. ಅವತ್ತಿನ ತಕರಾರು ರಿವರ್ಸ್ ಚಾರ್ಜಿನದು. ರೈತನಿಂದ ಹಸಿ ಹತ್ತಿ ಕೊಂಡರೆ ತೆರಿಗೆ ಮಾರಿದವನ ಮೇಲಲ್ಲ, ಕೊಂಡ ಮಿಲ್ಲಿನ ಮೇಲೆ ಬೀಳುತ್ತದೆ, ಶೇಕಡ 5. ಅದನ್ನು ಹಿಂದೆ ಕಟ್ಟಿದ ತೆರಿಗೆಯ ಕ್ರೆಡಿಟ್ಟಿನಲ್ಲಿ ಹೊಂದಿಸಲು ಬರುವುದಿಲ್ಲ, ನಗದಿನಲ್ಲೇ ಕಟ್ಟಬೇಕು. ಇಷ್ಟನ್ನು ನಾನು ಅವರಿಗೆ ನಾಲ್ಕನೇ ಸಲ ಬಿಡಿಸಿ ಹೇಳುತ್ತಿದ್ದೆ. ನನ್ನ ಮೊಳಕಾಲಿಗೆ ತಾಕುತ್ತಿದ್ದದ್ದು ಅಪ್ಪನ ಹತ್ತಿ, ಅರ್ಧ ಬಿಡಿಸಿದ್ದು, ಅರ್ಧ ಹಾಗೇ ಬಿಳಿ ನಗುತ್ತಿದ್ದದ್ದು.

ಅಪ್ಪ ಯಾವಾಗ ಬಂದು ಪಕ್ಕದಲ್ಲಿ ನಿಂತ, ನನಗೆ ನೆನಪಿಲ್ಲ.

ಯುಗಾದಿ ದಿನ ಬೇವು ಕುಡಿಯುವಾಗ ಅವ್ವ ಇನ್ನೊಂದು ಮಾತು ಹೇಳಿದಳು. "ನಿನ್ನ ಕೇಳಾಕ ಹದಿನೈದು ದಿನ ಮನಸು ಗಟ್ಟಿ ಮಾಡ್ಕೊಂಡಿದ್ದ. ರಾತ್ರಿ ಮಕ್ಕೊಂಡಾಗ ಹಿಂಗ ಕೇಳ್ಲೆ, ಹಂಗ ಕೇಳ್ಲೆ ಅಂತಿದ್ದ. ಎಳ್ಳಮಾಸಿಗಿ ಬರ್ತಾನ, ಹೊಲದಾಗ ಕೇಳೋಣು ಅಂದ." ಆಮೇಲೆ ಏನೂ ಹೇಳದೆ ನನ್ನ ಲೋಟಕ್ಕೆ ಇನ್ನಷ್ಟು ಪುಠಾಣಿ ಉದುರಿಸಿದಳು. ಆ ಬೇವು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹದಿನೈದು ರಾತ್ರಿ!

ನಿಜ ಹೇಳಬೇಕೆಂದರೆ ಅಪ್ಪ ಮಾಡಿದ್ದರಲ್ಲಿ ತಪ್ಪಿಲ್ಲ. ಎಪ್ಪತ್ತು ದಾಟಿದೆ, ಮೊಳಕಾಲು ಹಿಡಿದಿದೆ, ಹತ್ತಿ ಬಿಡಿಸಲು ಆಳು ಸಿಗುವುದಿಲ್ಲ. ಲಾವಣಿ ಹಿಡಿದ ಹುಡುಗ ದುಡಿಯುವವನು, ಟ್ರ್ಯಾಕ್ಟರ್ ಇದೆ. ಅವನು ಮಾತಾಡುವಾಗ ನೆಲ ನೋಡುವುದು ನನಗೆ ಹಿಡಿಸುವುದಿಲ್ಲ, ಆದರೆ ಅದು ನನ್ನ ಸಣ್ಣತನ. ಅಪ್ಪ ಸರಿಯಾಗಿ ಕೇಳಿದ್ದರೂ ನಾನು ಹ್ಞೂಂ ಅನ್ನುತ್ತಿದ್ದೆನೇನೋ. ನಮ್ಮ ಎತ್ತು ಬಿಳ್ಯಾ, ಕರ್ಯಾರನ್ನು ಒಂದು ಸಲ ಮುಟ್ಟಿ ಹ್ಞೂಂ ಅನ್ನುತ್ತಿದ್ದೆ.

ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಹದವಾದ ಮಳೆ ಬಿದ್ದು ಊರೆಲ್ಲ ಬಿತ್ತಲು ಚಡಪಡಿಸುವಾಗಲೂ ಅಪ್ಪ ಸೋಮವಾರ ಹೂಡಿದ್ದನ್ನು ನಾನು ಕಂಡಿಲ್ಲ. ಎತ್ತು ಮಲಗಿ ಮೆಲುಕು ಹಾಕುತ್ತಿದ್ದರೆ ಅಪ್ಪನೂ ಗೋದಲಿಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿರುತ್ತಿದ್ದ. ಸಣ್ಣವನಿದ್ದಾಗ ನನಗದು ಸೋಮಾರಿತನ ಅನ್ನಿಸುತ್ತಿತ್ತು. ಈಗ ನನ್ನ ಅಕ್ಕನ ಮಗನೊಬ್ಬ, ನಾಲ್ಕಕ್ಕೆ ಏಳಿರಿ, ಗೆಲ್ಲಿರಿ ಅನ್ನುವ ರೀಲ್ಸುಗಳನ್ನು ದಿನಕ್ಕೆರಡು ಕಳಿಸುತ್ತಾನೆ. ಅಪ್ಪ ಜೀವನವಿಡೀ ನಾಲ್ಕಕ್ಕೇ ಎದ್ದಾನೆ, ಯಾರೂ ಲೈಕ್ ಒತ್ತಿಲ್ಲ.

ನನ್ನ ಮಂತ್ರ ಬೇರೆ: "ಮಾರ್ಚ್ ಒಂದು ಮುಗೀಲಿ." ಮಾರ್ಚ್ ಮುಗಿದರೆ ಜುಲೈಗೆ ಐಟಿ ರಿಟರ್ನ್, ಸೆಪ್ಟೆಂಬರಿಗೆ ಆಡಿಟ್ಟು, ಡಿಸೆಂಬರ್ 31ಕ್ಕೆ ಜಿಎಸ್‌ಟಿಯ ವಾರ್ಷಿಕ ರಿಟರ್ನ್. ಹದಿನಾಲ್ಕು ವರ್ಷ ಆಯಿತು ಈ ಮಾತು ಆಡುತ್ತ. ಹೊಲ, ಎತ್ತು, ಅಪ್ಪ ಎಲ್ಲ ಅಲ್ಲೇ ಇರುತ್ತವೆ, ನನಗೆ ಪುರುಸೊತ್ತು ಆದ ದಿನ ಹೋದರಾಯಿತು ಎಂದು ಲೆಕ್ಕ ಹಾಕಿದ್ದೆ. ಊರವರ ಲೆಕ್ಕದ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು ನಾನು.

ಆಫೀಸಿನಲ್ಲಿ ನನ್ನ ಕುರ್ಚಿಯ ಹಿಂದೆ "ಕಾಯಕವೇ ಕೈಲಾಸ" ಎಂಬ ಬೋರ್ಡಿದೆ, ಕೆಳಗೆ ಬಸವಣ್ಣನ ಚಿತ್ರ. ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನು ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವನು, ನಮ್ಮೂರಿಂದ ಕೂಗಳತೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಕಣ್ಣಲ್ಲೇ ಅಳೆದು, ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬಾ ಅಂದಳು. ಅವನು ಸುರಿದು ಬಂದ. ಗಂಡನ ಮಾತನ್ನು ನಾವು ಬೋರ್ಡು ಮಾಡಿ ಮೊಳೆ ಹೊಡೆದೆವು. ಲಕ್ಕಮ್ಮನ ಮಾತನ್ನು ಯಾವ ಆಫೀಸಿನಲ್ಲೂ ನಾನು ಕಂಡಿಲ್ಲ. ಯಾರು ತೂಗುಹಾಕುತ್ತಾರೆ? ಗಿರಾಕಿ ಓದಿದರೆ ಎದ್ದು ಹೋದಾನು.

ಯುಗಾದಿ ರಾತ್ರಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು 3ಬಿ ಹಾಕುತ್ತಿದ್ದಾಗ ನೆನಪಾಯಿತು. ನನ್ನ ಫೋನಿನಲ್ಲಿ ಕರೆಗಳೆಲ್ಲ ತಾವಾಗೇ ರೆಕಾರ್ಡ್ ಆಗುತ್ತವೆ, ಗಿರಾಕಿಗಳು ಆಮೇಲೆ ನೀವು ಹೇಳಲೇ ಇಲ್ಲ ಅನ್ನಬಾರದು ಎಂದು ಇಟ್ಟುಕೊಂಡದ್ದು. ಡಿಸೆಂಬರ್ 19, ಮಧ್ಯಾಹ್ನ 1 ಗಂಟೆ 12 ನಿಮಿಷ. ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

ಆರು ನಿಮಿಷ ಬರೀ ಹತ್ತಿ. ದೂರದಲ್ಲಿ ಮಗಳು ನಗುವುದು, ಗಾಳಿ. ಆಮೇಲೆ ಸಣ್ಣದಾಗಿ, ಬಾವಿಯೊಳಗಿಂದ ಬಂದ ಹಾಗೆ ಅಪ್ಪನ ದನಿ: "ತಮ್ಮಾ, ಬರೋ ಸಾಲ ಹೊಲ ಲಾವಣಿಗಿ ಕೊಟ್ಟುಬಿಡ್ಲೇನು? ಎತ್ತೂ ಮಾರ್ತೀನಿ, ನನ್ನ ಕೈಲೆ ಆಗವಲ್ದು." ಅದರ ಮೇಲೇ ಮಿಲ್ಲಿನವರು: "ಹಂಗಾರ ಚಲನ್ ಇವತ್ತ ಕಟ್ಟಿಬಿಡ್ಲೇನ್ರಿ?"

ನಾನು: "ಹ್ಞೂಂ, ಮಾಡಿಬಿಡ್ರಿ."

ಹಿಂದೆ ಸರಿಸಿದೆ, ಕೇಳಿದೆ. ಮತ್ತೆ ಸರಿಸಿದೆ. ಎಂಟು ಹತ್ತು ಸಲ ಆಗಿರಬೇಕು. ಮಾಡಿಬಿಡ್ರಿ. ಹುಟ್ಟಿದಾಗಿನಿಂದ ಅಪ್ಪನಿಗೆ ನಾನು ರೀ ಹಚ್ಚಿ ಮಾತಾಡಿದವನಲ್ಲ. ಏನಪ್ಪಾ, ಬಾರಪ್ಪಾ, ಮಾಡಪ್ಪಾ, ಅಷ್ಟೇ. ಆ "ರಿ" ತನ್ನದಲ್ಲ ಎಂದು ಅಪ್ಪನಿಗೆ ಗೊತ್ತಾಗಿರಲೇಬೇಕು. ಕಿವಿ ಚುರುಕಿದೆ ಅವನದು, ಕತ್ತಲಲ್ಲಿ ಕೊರಳಗಂಟೆ ಕೇಳಿ ಯಾರ ಎತ್ತು ಎಂದು ಹೇಳುತ್ತಿದ್ದವನು.

ಗೊತ್ತಿದ್ದೂ ತಗೊಂಡನಾ? ನನ್ನ ಮುಖ ನೋಡಿ ಕೇಳಿದರೆ ನಾನು ಬೇಡ ಅನ್ನಬಹುದು, ಅಂದು ಮತ್ತೆ ರಾಯಚೂರಿಗೆ ಹೋಗಿಬಿಡಬಹುದು ಎಂದು ಹೆದರಿದನಾ? ಅಥವಾ ಇವನಿಂದ ಇನ್ನು ಇಷ್ಟೇ ಸಿಗುವುದು, ಸಿಕ್ಕಿದ್ದು ಇಟ್ಟುಕೊಳ್ಳೋಣ ಅಂದುಕೊಂಡನಾ? ಒಳಗೆ ಅವನ ಗೊರಕೆ ಕೇಳುತ್ತಿತ್ತು. ಎಬ್ಬಿಸಿ ಕೇಳುವ ಧೈರ್ಯ ಆಗಲಿಲ್ಲ. ರಿಟರ್ನ್ ಹಾಕಿ ಮುಗಿಸುವಾಗ ಹನ್ನೆರಡೂವರೆ.

ಮಾರನೇ ದಿನ ಹೊರಡುವಾಗ ಕೊಟ್ಟಿಗೆಗೆ ಹೋದೆ. ಗೆಜ್ಜೆಸರ, ಕೊರಳಗಂಟೆ, ಬಾರುಕೋಲು ಗೂಟಕ್ಕೆ ಹಾಗೇ ಇದ್ದವು. ಅವನ್ನು ಮಾರಿರಲಿಲ್ಲ. ಗೋದಲಿಯಲ್ಲಿ ಅವ್ವ ಕಟ್ಟಿಗೆ ಒಟ್ಟಿದ್ದಳು. ಗೋದಲಿಗೆ ಬೆನ್ನು ಕೊಟ್ಟು ಅಪ್ಪನ ಹಾಗೆ ಕೂರಲು ನೋಡಿದೆ. ನಾಲ್ಕು ನಿಮಿಷಕ್ಕೆ ಕೈ ಕಿಸೆಗೆ ಹೋಯಿತು.

ಕಾರು ಚಾಲೂ ಮಾಡಿ, ಗಾಜು ಏರಿಸಿ, ಹಿಂದೆ ತಿರುಗಿಸುತ್ತಿದ್ದೆ. ಕಟ್ಟೆ ಮೇಲೆ ನಿಂತಿದ್ದ ಅಪ್ಪನ ಬಾಯಿ ಆಡಿದ್ದು ಕಂಡಿತು. ಗಾಜು ಇಳಿಸಿ, ಕಾರು ಬಂದ್ ಮಾಡಿ, ಇಳಿದೇ ಕೇಳಿದೆ.

"ಏನಂದ್ಯಪ್ಪಾ?"

"ಏನಿಲ್ಲೋ," ಅಂದ. "ಕೆಮ್ಮಿದೆ."